ಏರ್ ಬಾಕ್ಸ್ ಕತ್ತರಿಸುವ ಮುಂಚೆ ನೀರಿನ ಪೈಪು ಹಚ್ಚಿ ನೋಡಿ

ನನ್ನ ಟೂಲ್ ಪೆಟ್ಟಿಗೆಯ ಪಕ್ಕದಲ್ಲಿ ಎರಡು ಮೀಟರ್ ಉದ್ದದ ಪಾರದರ್ಶಕ ಪೈಪೊಂದಿದೆ. ಗಾರೆ ಕೆಲಸದವರು ಗೋಡೆಯ ಮಟ್ಟ ನೋಡೋಕೆ ನೀರು ತುಂಬಿ ಹಿಡಿಯುತ್ತಾರಲ್ಲ, ಅದೇ ಪೈಪು. ಅದನ್ನು ಹಲಗೆಯೊಂದಕ್ಕೆ ಯು ಆಕಾರದಲ್ಲಿ ಬಿಗಿದು, ಮಧ್ಯೆ ಸ್ಕೇಲ್ ಅಂಟಿಸಿ, ಅರ್ಧದವರೆಗೆ ಬಣ್ಣದ ನೀರು ಹಾಕಿದ್ದೇನೆ. ಏರ್ ಇನ್‌ಟೇಕ್ (ಕಾರಿನ ಇಂಜಿನ್ನಿಗೆ ಗಾಳಿ ಹೋಗುವ ದಾರಿ) ಬದಲಾಯಿಸಬೇಕು ಅಂತ ಯಾರು ಬಂದರೂ ನಾನು ಮೊದಲು ಎತ್ತಿಕೊಳ್ಳುವುದು ಈ ಹಲಗೆಯನ್ನೇ. ಗ್ರೈಂಡರ್ ಆಮೇಲೆ.

ಮೊನ್ನೆ ಬಂದ ಹುಡುಗನ ಕೈಯಲ್ಲಿ ಹೊಳೆಯುವ ಕೋನ್ ಫಿಲ್ಟರ್ ಇತ್ತು, ಡಬ್ಬವಿಲ್ಲದೆ ಬಯಲಲ್ಲೇ ಕೂರುವ ಶಂಕುವಿನಾಕಾರದ ಏರ್ ಫಿಲ್ಟರ್. "ಅಣ್ಣಾ, ಈ ಪ್ಲಾಸ್ಟಿಕ್ ಡಬ್ಬ ಕಿತ್ತು ಬಿಸಾಕಿ ಇದನ್ನ ಕೂರಿಸಿಕೊಡಿ. ಇಂಜಿನ್ನಿಗೆ ಉಸಿರಾಡೋಕೇ ಆಗ್ತಿಲ್ಲ" ಅಂದ. "ಎಷ್ಟು ಆಗ್ತಿಲ್ಲ?" ಅಂತ ಕೇಳಿದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕ. ತಮಾಷೆ ಅಲ್ಲ. ಆ ಪ್ರಶ್ನೆಗೆ ಸೆಂಟಿಮೀಟರ್ ಲೆಕ್ಕದಲ್ಲಿ ಉತ್ತರ ಇದೆ.

ಮೊದಲು ಇಂಜಿನ್ನಿಗೆ ಎಷ್ಟು ಗಾಳಿ ಬೇಕು ಅಂತ ನೋಡೋಣ. ಅವನದು 1.5 ಲೀಟರ್ ಪೆಟ್ರೋಲ್ ಇಂಜಿನ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಂದು ಸಲ ತನ್ನ ಹೊಟ್ಟೆ ತುಂಬಿಕೊಳ್ಳುತ್ತದೆ. 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ 3000 ಸಲ, ಅಂದರೆ 4500 ಲೀಟರ್. ಸೆಕೆಂಡಿಗೆ 75 ಲೀಟರ್. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ಹಾಗಾಗಿ ನಿಜವಾದ ಲೆಕ್ಕ ಇದಕ್ಕಿಂತ ಸ್ವಲ್ಪ ಕಡಿಮೆ. ಆದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಬಕೆಟ್‌ಗಟ್ಟಲೆ ಗಾಳಿ. ಅದೆಲ್ಲ ಗ್ರಿಲ್ ಹಿಂದಿನ ಮೂತಿಯಿಂದ, ಅಂದರೆ ಸ್ನಾರ್ಕಲ್‌ನಿಂದ ಒಳಹೊಕ್ಕು, ಏರ್ ಬಾಕ್ಸ್ (ಅದೇ ಪ್ಲಾಸ್ಟಿಕ್ ಡಬ್ಬ), ಫಿಲ್ಟರ್, ಸುಕ್ಕು ಸುಕ್ಕಾದ ರಬ್ಬರ್ ಪೈಪು ಎಲ್ಲ ದಾಟಿ, ಇಂಜಿನ್ನಿಗೆ ಎಷ್ಟು ಗಾಳಿ ಬಿಡಬೇಕು ಅಂತ ನಿಯಂತ್ರಿಸುವ ಥ್ರಾಟಲ್ ಬಾಡಿಗೆ ಬರಬೇಕು. ದಾರಿಯ ಪ್ರತಿ ತಿರುವಿನಲ್ಲೂ ಒಂದಿಷ್ಟು ಒತ್ತಡ ಕಳೆದುಹೋಗುತ್ತದೆ. ಎಲ್ಲಿ ಎಷ್ಟು ಕಳೆಯಿತು ಅನ್ನುವುದನ್ನು ನೀರಿನ ಪೈಪು ಹೇಳುತ್ತದೆ.

ಪೈಪಿನ ಒಂದು ತುದಿ ತೆರೆದೇ ಇರುತ್ತದೆ. ಇನ್ನೊಂದನ್ನು ಇನ್‌ಟೇಕಿನ ಬೇಕಾದ ಜಾಗಕ್ಕೆ ಸಿಕ್ಕಿಸಬೇಕು. ನಾನು 3 ಮಿ.ಮೀ. ತೂತು ಕೊರೆದು, ಕೆಲಸ ಮುಗಿದ ಮೇಲೆ ರಬ್ಬರ್ ಬಿರಡೆ ಹಾಕಿ ಮುಚ್ಚುತ್ತೇನೆ. ಪೈಪಿನ ತುದಿ ಗೋಡೆಗೆ ಸಮವಾಗಿ ನಿಲ್ಲಬೇಕು, ಒಳಗೆ ಚಾಚಿಕೊಂಡಿರಬಾರದು. ಚಾಚಿಕೊಂಡರೆ ಹರಿಯುವ ಗಾಳಿ ಅದಕ್ಕೆ ಬಡಿದು ಸುಳ್ಳು ಲೆಕ್ಕ ತೋರಿಸುತ್ತದೆ. ಹಲಗೆ ನೆಟ್ಟಗೆ ಹಿಡಿದು ಪಕ್ಕದ ಸೀಟಿನಲ್ಲಿ ಒಬ್ಬರು ಕೂರಬೇಕು. ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ರೆಡ್‌ಲೈನ್ (ಇಂಜಿನ್ ತಿರುಗಬಹುದಾದ ಗರಿಷ್ಠ ವೇಗ) ಹತ್ತಿರ ಬಂದಾಗ ನೀರು ಎಷ್ಟು ಸರಿಯಿತು ನೋಡಬೇಕು. ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಡೈನೊ ಇದ್ದರೆ ಇನ್ನೂ ನೆಮ್ಮದಿ. ಎರಡು ಕಡೆಯ ನೀರಿನ ಮಟ್ಟಕ್ಕೆ ಇರುವ ವ್ಯತ್ಯಾಸವೇ ನಮ್ಮ ಉತ್ತರ. ಯು ಪೈಪಿನ ತೋಳುಗಳು ಮಾತ್ರ ಸಾಕಷ್ಟು ಎತ್ತರ ಇರಲಿ. ಗಿಡ್ಡ ಮಾಡಿದರೆ ಆ ನೀರು ನೇರ ಇಂಜಿನ್ನಿಗೇ ಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 1033 ಸೆಂ.ಮೀ. ನೀರಿನಷ್ಟು. ಅಂದರೆ 10 ಸೆಂ.ಮೀ. ವ್ಯತ್ಯಾಸ ಬಂದರೆ ಗಾಳಿಯಲ್ಲಿ ಶೇ. 1ರಷ್ಟು ಖೋತಾ. ಹುಡುಗನ ಕಾರಿನಲ್ಲಿ ಥ್ರಾಟಲ್ ಬಾಡಿಯ ಮುಂದೆ 22 ಸೆಂ.ಮೀ. ಬಂತು. ಡಬ್ಬ, ಫಿಲ್ಟರ್, ಪೈಪು ಎಲ್ಲ ಕಿತ್ತೆಸೆದು ಬರೀ ಥ್ರಾಟಲ್ ಬಾಡಿ ಬಾಯಿ ತೆರೆದು ಬಿಟ್ಟರೂ ಸಿಗುವುದು ಹೆಚ್ಚೆಂದರೆ ಶೇ. 2ರಷ್ಟು ಗಾಳಿ. 100 ಎಚ್‌ಪಿ ಇಂಜಿನ್ನಿಗೆ 2 ಎಚ್‌ಪಿ. ಅದೂ ರೆಡ್‌ಲೈನ್‌ನಲ್ಲಿ. ಒತ್ತಡದ ನಷ್ಟ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 3000 ಆರ್‌ಪಿಎಂನಲ್ಲಿ ಇದೇ 22 ಸೆಂ.ಮೀ. ಕಾಲು ಭಾಗಕ್ಕೆ ಇಳಿದು ಐದೂವರೆ ಆಗಿರುತ್ತದೆ. ನಾವು ದಿನಾ ಓಡಿಸುವುದು ಅಲ್ಲೇ ಅಲ್ವಾ?

ಹುಡುಗನ ಮುಖ ಸಪ್ಪಗಾಯಿತು. ಆದರೆ ಆ 22 ಎಲ್ಲಿಂದ ಬಂತು ಅನ್ನುವುದು ಇನ್ನೂ ಸ್ವಾರಸ್ಯದ ವಿಷಯ. ಪೈಪನ್ನು ಹಿಂದೆ ಹಿಂದೆ ಸರಿಸುತ್ತಾ ಹೋದೆವು. ಫಿಲ್ಟರ್ ದಾಟಿದ ಕಡೆ ಡಬ್ಬದಲ್ಲಿ 16. ಫಿಲ್ಟರ್‌ಗಿಂತ ಮುಂಚೆ 13. ಅಂದರೆ ಎಲ್ಲರೂ ಬೈಯುವ ಆ ಪೇಪರ್ ಫಿಲ್ಟರ್ ತಿಂದದ್ದು ಬರೀ 3 ಸೆಂ.ಮೀ. ರಬ್ಬರ್ ಪೈಪಿನ ಪಾಲು 6, ಅದರಲ್ಲೂ ಸುಮಾರು ಅರ್ಧ ನಷ್ಟವೇ ಅಲ್ಲ. ಕಿರಿದಾದ ಪೈಪಿನಲ್ಲಿ ಗಾಳಿ ವೇಗ ಪಡೆದಾಗ ಒತ್ತಡ ಇಳಿದು ಕಾಣುತ್ತದೆ, ಅಷ್ಟೇ. ಉಳಿದ 13 ಪೂರ್ತಿ ಸ್ನಾರ್ಕಲ್‌ನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕೋನ್ ಫಿಲ್ಟರ್ ಹಾಕುವವರಲ್ಲಿ ಮುಕ್ಕಾಲು ಪಾಲು ಜನ ಮಾಡುವುದು ಇದನ್ನೇ.

ಸ್ನಾರ್ಕಲ್ ಬಿಚ್ಚಿ ಮೇಜಿನ ಮೇಲಿಟ್ಟೆ. ಒಳವ್ಯಾಸ 50 ಮಿ.ಮೀ. ಮೂತಿಯ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ಚೂಪಾಗಿತ್ತು. ಇಂಥ ಅಂಚನ್ನು ಗಾಳಿ ಥಟ್ಟನೆ ತಿರುಗಿ ಹತ್ತಲಾರದು. ಅಂಚಿನಿಂದ ಬಿಟ್ಟುಕೊಂಡು, ಸುಳಿ ಎಬ್ಬಿಸಿ, ಪೈಪಿನ ನಟ್ಟನಡುವೆ ಮಾತ್ರ ನುಗ್ಗುತ್ತದೆ. 50 ಮಿ.ಮೀ. ಪೈಪು ಕೆಲಸಕ್ಕೆ ಇನ್ನೂ ಚಿಕ್ಕದಾದ ಹಾಗೆ. ಗಾಳಿಯಲ್ಲಿ ಚಾಚಿನಿಂತ ಚೂಪು ಅಂಚಿನ ಪೈಪಿನ ಬಾಯಲ್ಲಿ ಗಾಳಿಯ ವೇಗದಿಂದ ಹುಟ್ಟುವ ಒತ್ತಡದ ಸುಮಾರು ಶೇ. 80 ಕಳೆದುಹೋಗುತ್ತದೆ. ಅದೇ ಬಾಯಿಯನ್ನು ಕಹಳೆಯ ಹಾಗೆ ಹೊರಗೆ ಅರಳಿಸಿ ದುಂಡಗೆ ಮಾಡಿದರೆ ಶೇ. 5ಕ್ಕೂ ಇಳಿಯುತ್ತದೆ. ದುಂಡಗಿನ ತ್ರಿಜ್ಯ ಪೈಪಿನ ವ್ಯಾಸದ ಆರನೇ ಒಂದು ಭಾಗ ಇದ್ದರೂ ಸಾಕು, 50 ಮಿ.ಮೀ. ಪೈಪಿಗೆ ಸುಮಾರು 8 ಮಿ.ಮೀ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಫಲ ಕಾರಿನಲ್ಲಿ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಅದೇ ಮಾದರಿಯ ದೊಡ್ಡ ಇಂಜಿನ್ ಕಾರಿನ ಸ್ನಾರ್ಕಲ್ ಇದಕ್ಕೆ ಸರಿಯಾಗಿ ಕೂತಿತು. ಅದರ ವ್ಯಾಸ 60. ಬಾಯಿಗೆ ಎಪಾಕ್ಸಿ ಮೆತ್ತಿ, ಉಪ್ಪುಕಾಗದದಲ್ಲಿ ಉಜ್ಜಿ ಕಹಳೆಯ ಆಕಾರ ಕೊಟ್ಟೆ. ಮತ್ತೆ ಅಳತೆ ಹಿಡಿದರೆ ಥ್ರಾಟಲ್ ಮುಂದೆ 13 ಸೆಂ.ಮೀ. 22ರಿಂದ 13. ಡಬ್ಬ ಹಾಗೇ ಇದೆ, ಪೇಪರ್ ಫಿಲ್ಟರ್ ಹಾಗೇ ಇದೆ. ಗ್ರಿಲ್‌ನಿಂದ ತಣ್ಣನೆ ಗಾಳಿಯೇ ಬರುತ್ತಿದೆ.

ತಣ್ಣನೆ ಗಾಳಿ ಅಂದೆನಲ್ಲ, ಕೋನ್ ಫಿಲ್ಟರ್ ಸೋಲುವುದು ಅಲ್ಲೇ. ಬಾನೆಟ್ ಒಳಗೆ ಬೋಳಾಗಿ ಕೂತ ಫಿಲ್ಟರ್ ರೇಡಿಯೇಟರ್, ಎಕ್ಸಾಸ್ಟ್ ಸುತ್ತಲಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ಟ್ರಾಫಿಕ್‌ನಲ್ಲಿ ನಿಂತಾಗ ಸ್ಕ್ಯಾನರ್ ಹಾಕಿ ಇನ್‌ಟೇಕ್ ಟೆಂಪರೇಚರ್ ನೋಡಿ, 60 ಡಿಗ್ರಿ ಸೆಲ್ಸಿಯಸ್ ಸುಲಭವಾಗಿ ದಾಟುತ್ತದೆ. 20 ಡಿಗ್ರಿಯ ಗಾಳಿಗಿಂತ 60 ಡಿಗ್ರಿಯ ಗಾಳಿಯ ಸಾಂದ್ರತೆ ಶೇ. 12ರಷ್ಟು ಕಡಿಮೆ. ಡಬ್ಬ ತೆಗೆದು ಗಳಿಸಿದ್ದು 2, ಬಿಸಿಗೆ ಕಳೆದದ್ದು 12. ಸಾಲದ್ದಕ್ಕೆ ಬಿಸಿಗಾಳಿಗೆ ನಾಕಿಂಗ್ (ಸಿಲಿಂಡರ್ ಒಳಗೆ ಇಂಧನ ತಾನಾಗೇ ಸಿಡಿಯುವುದು) ಬರಬಾರದು ಅಂತ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಇಗ್ನಿಷನ್ ಟೈಮಿಂಗ್ (ಕಿಡಿ ಹಾರಿಸುವ ಹೊತ್ತು) ಹಿಂದಕ್ಕೆ ಎಳೆಯುತ್ತದೆ. ಕಾರು ಓಡತೊಡಗಿದ ಮೇಲೆ ಬಿಸಿ ಇಳಿಯುತ್ತದೆ ನಿಜ. ಆದರೆ ಸಿಗ್ನಲ್ ಬಿಟ್ಟ ತಕ್ಷಣವೇ ತಾನೇ ನಮಗೆ ಪಿಕಪ್ ಬೇಕಾಗುವುದು.

"ಹಾಗಾದ್ರೆ ಕೋನ್ ಹಾಕಿದವರೆಲ್ಲ ಪಿಕಪ್ ಜಾಸ್ತಿ ಆಯ್ತು ಅಂತಾರಲ್ಲ?" ಅಂತ ಹುಡುಗ ಕೇಳಿದ. ಸದ್ದು, ಮತ್ತೇನಿಲ್ಲ. ಇಂಜಿನ್ ಗಾಳಿ ಎಳೆಯುವ ಸದ್ದು ನೇರ ಕಿವಿಗೆ ಬಿದ್ದಾಗ ಮೈಗೆ ವೇಗ ಅನಿಸುತ್ತದೆ. ಆ ಸದ್ದು ನನಗೂ ಇಷ್ಟ, ಸುಳ್ಳು ಹೇಳುವುದಿಲ್ಲ. ಸದ್ದಿಗಾಗಿಯೇ ಬೇಕು ಅನ್ನುವವರಿಗೆ ಹಾಕಿಯೂ ಕೊಟ್ಟಿದ್ದೇನೆ.

ಇನ್‌ಟೇಕ್ ಪೈಪಿನ ಪಕ್ಕದಲ್ಲಿ ಅಂಟಿಕೊಂಡಿರುವ ಬೋಳು ಡಬ್ಬಿ ಕೂಡ ಸದ್ದಿನ ಕೆಲಸಕ್ಕೇ ಇರುವುದು. ಅದು ರೆಸೊನೇಟರ್. ಬಾಟಲಿ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಅದೇ ತತ್ವ. ಆಯ್ದ ಒಂದು ಸ್ವರವನ್ನು ಅದು ನುಂಗುತ್ತದೆ. ಒಂದೇ ಬಾಯಿ ಇರುವ ಡಬ್ಬಿ ಆದರೆ ಅದರ ಮೂಲಕ ಗಾಳಿ ಹರಿಯುವುದೇ ಇಲ್ಲ, ಹಾಗಾಗಿ ಅಡ್ಡಿಯ ಮಾತೇ ಇಲ್ಲ. ಕೆಲಸ ಕಲಿಯುವ ದಿನಗಳಲ್ಲಿ ನಾನು ನನ್ನ ಕಾರಿನದನ್ನು ಕಿತ್ತು ಮುಚ್ಚಳ ಹಾಕಿದ್ದೆ. ಹೈವೇಯಲ್ಲಿ ಹಿಡಿಯುವ ವೇಗಕ್ಕೆ ಸರಿಯಾಗಿ ಗುಂಯ್ ಅನ್ನುವ ಸದ್ದು ಶುರುವಾಯಿತು. ಎರಡು ವಾರ ತಲೆನೋವು ತಡೆದು ಮತ್ತೆ ಹಾಕಿಕೊಂಡೆ.

ಮೈಲೇಜ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಪೆಟ್ರೋಲ್ ಕಾರು ಮಾಮೂಲಿ ವೇಗದಲ್ಲಿ ಹೋಗುವಾಗ ಗಾಳಿಗೆ ದೊಡ್ಡ ಅಡ್ಡಿ ಅಂದರೆ ಅರೆ ಮುಚ್ಚಿದ ಥ್ರಾಟಲ್ ತಟ್ಟೆಯೇ. ಅದರ ಮುಂದಿನ ದಾರಿ ಅಗಲ ಮಾಡಿದರೆ ನಿಮ್ಮ ಕಾಲು ಪೆಡಲನ್ನು ಒಂದು ಕೂದಲೆಳೆ ಕಡಿಮೆ ಒತ್ತುತ್ತದೆ, ಅಷ್ಟೇ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಈಗಿನ ಇಂಜೆಕ್ಷನ್ ಕಾರುಗಳ ಫಿಲ್ಟರನ್ನು ಗಾಳಿ ಸರಿಯಾಗಿ ಹೋಗದ ಹಾಗೆ ಬೇಕೆಂದೇ ಅರೆ ಮುಚ್ಚಿ ಪರೀಕ್ಷೆ ಮಾಡಿತ್ತು. ಮೈಲೇಜ್ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ, ಪಿಕಪ್ ಮಾತ್ರ ಬಿತ್ತು.

ನಿಜವಾಗಿ ಎಚ್ಚರ ಬೇಕಿರುವುದು ಮ್ಯಾಫ್ ಸೆನ್ಸರ್ ಇರುವ ಕಾರುಗಳಲ್ಲಿ. ಫಿಲ್ಟರ್ ದಾಟಿದ ತಕ್ಷಣ ಪೈಪಿನಲ್ಲಿ ಕೂತಿರುವ ಕಾದ ತಂತಿಯ ಸೆನ್ಸರ್ ಅದು. ಗಾಳಿ ತಂತಿಯನ್ನು ಎಷ್ಟು ತಣ್ಣಗೆ ಮಾಡುತ್ತದೆ ಅನ್ನುವುದರ ಮೇಲೆ ಇಸಿಯು ಗಾಳಿಯ ಲೆಕ್ಕ ಹಾಕುತ್ತದೆ. ಆ ಲೆಕ್ಕ ಪೈಪಿನ ವ್ಯಾಸಕ್ಕೆ ಕಟ್ಟಿದ್ದು. ಸೆನ್ಸರನ್ನು 65 ಮಿ.ಮೀ. ಪೈಪಿನಿಂದ ತೆಗೆದು 75ರದ್ದಕ್ಕೆ ಕೂರಿಸಿದರೆ ಪೈಪಿನ ಬಾಯಿಯ ಕ್ಷೇತ್ರ ಮೂರನೇ ಒಂದು ಭಾಗ ಜಾಸ್ತಿ ಆಗುತ್ತದೆ. ತಂತಿಯ ಮೇಲೆ ಗಾಳಿ ನಿಧಾನವಾಗುತ್ತದೆ. ಸೆನ್ಸರ್ ಶೇ. 25ರಷ್ಟು ಕಡಿಮೆ ಗಾಳಿ ಅಂತ ಹೇಳುತ್ತದೆ, ಇಸಿಯು ಅಷ್ಟಕ್ಕೇ ಪೆಟ್ರೋಲ್ ಹಾಕುತ್ತದೆ. ನಿಧಾನವಾಗಿ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಫ್ಯೂಯಲ್ ಟ್ರಿಮ್, ಅಂದರೆ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಲೆಕ್ಕ, ತಿದ್ದಿಕೊಳ್ಳುತ್ತದೆ. ಪೂರ್ತಿ ಒತ್ತಿದಾಗ ಹೆಚ್ಚಿನ ಕಾರುಗಳಲ್ಲಿ ಆ ತಿದ್ದುಪಡಿ ಆ ಕ್ಷಣಕ್ಕೆ ನಡೆಯುವುದಿಲ್ಲ. ಆಗ ಮಿಶ್ರಣ ಲೀನ್ ಆಗಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಇಂಜಿನ್ ಕಾದು, ನಾಕಿಂಗ್ ಬರುತ್ತದೆ. ಚೆಕ್ ಇಂಜಿನ್ ಲೈಟ್ ಹತ್ತಿ, ಮಿಶ್ರಣ ಲೀನ್ ಅನ್ನುವ ಪಿ0171 ಕೋಡ್ ಬಂದರೆ ನಿಮ್ಮ ಅದೃಷ್ಟ, ಕಾರು ಬಾಯಿಬಿಟ್ಟು ಹೇಳಿದೆ. ಅದಕ್ಕೇ ಮ್ಯಾಫ್ ಕೂತ ಪೈಪಿಗೆ ನಾನು ಕೈ ಹಾಕುವುದಿಲ್ಲ. ಅದರ ಮುಂದಿರುವ ಜೇನುಗೂಡಿನಂಥ ಜಾಲರಿಯನ್ನೂ ಅಡ್ಡಿ ಅಂತ ಮುರಿಯಬೇಡಿ, ಗಾಳಿಯನ್ನು ನೇರ ಮಾಡಿ ತಂತಿಗೆ ಕೊಡುವುದು ಅದೇ. ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಇದ್ದರೆ ಎಣ್ಣೆ ಮಿತವಾಗಿರಲಿ. ಜಾಸ್ತಿ ಆದದ್ದು ಹೋಗಿ ಆ ತಂತಿಗೇ ಮೆತ್ತಿಕೊಳ್ಳುತ್ತದೆ.

ಟರ್ಬೊ ಕಾರಿನ ಕತೆ ಬೇರೆ. ಅಲ್ಲಿ ಟರ್ಬೊಗಿಂತ ಮುಂಚೆ ಕಳೆದ ಒತ್ತಡಕ್ಕೆ ಬೆಲೆ ಜಾಸ್ತಿ. ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತುತ್ತಿದ್ದರೆ ಅದಕ್ಕಿಂತ ಮುಂಚೆ ಕಳೆದ 10 ಸೆಂ.ಮೀ. ಅದನ್ನು ದಾಟಿದ ಮೇಲೆ 20 ಆಗುತ್ತದೆ. ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಹೆಚ್ಚಿಸಿ ಟ್ಯೂನ್ ಮಾಡಿದ ಕಾರುಗಳಲ್ಲಿ ದೊಡ್ಡ ಇನ್‌ಟೇಕ್ ಹಾಕಿದ್ದಕ್ಕೆ ಅರ್ಥ ಇದೆ. ಅಲ್ಲಿ ತೆಳು ಸಿಲಿಕೋನ್ ಪೈಪು ಮಾತ್ರ ಬೇಡ, ಎಳೆತಕ್ಕೆ ಒಳಗೆ ಮುದುಡಿಕೊಳ್ಳುತ್ತದೆ.

ಸ್ನಾರ್ಕಲ್ ಬಾಯಿ ಎಷ್ಟು ಎತ್ತರದಲ್ಲಿತ್ತೋ ಅಷ್ಟೇ ಎತ್ತರದಲ್ಲಿ ಇರಲಿ ಅನ್ನುವುದು ನನ್ನ ಹಟ. ತಣ್ಣನೆ ಗಾಳಿಯ ಆಸೆಗೆ ಬಂಪರ್ ಕೆಳಗೆ ಇಳಿಸಿದರೆ ಒಂದು ಮಳೆಗೆ ಇಂಜಿನ್ ನೀರು ಕುಡಿಯುತ್ತದೆ. ನೀರನ್ನು ಹಿಂಡಿ ಚಿಕ್ಕದು ಮಾಡೋಕಾಗಲ್ಲ, ಹಾಗಾಗಿ ಬಗ್ಗುವುದು ಕನೆಕ್ಟಿಂಗ್ ರಾಡ್. ನಿಂತ ನೀರಿನಲ್ಲಿ ಆಫ್ ಆದ ಕಾರನ್ನು ಮತ್ತೆ ಸ್ಟಾರ್ಟ್ ಮಾಡೋಕೆ ಹೋಗಿ ಕೆಡಿಸಿಕೊಂಡವರು ನನ್ನ ಹತ್ತಿರ ಬಂದಿದ್ದಾರೆ. ಎದುರುಗಾಳಿ ತಾನಾಗೇ ಒಳಗೆ ನುಗ್ಗುತ್ತದೆ ಅನ್ನುವ ಆಸೆಯೂ ದೊಡ್ಡದೇನಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದರ ಒತ್ತಡ 5 ಸೆಂ.ಮೀ. ನೀರಿಗಿಂತ ಕಡಿಮೆ, ಅರ್ಧ ಶೇಕಡವೂ ಇಲ್ಲ.

ಹುಡುಗ ಕೋನ್ ಫಿಲ್ಟರ್ ವಾಪಸ್ ಕೊಟ್ಟು ಬರುತ್ತೇನೆ ಅಂತ ಹೋದ. ಮೂರನೇ ದಿನ ಫೋನ್ ಬಂತು. "ಅಣ್ಣಾ, ಐಡಲ್‌ನಲ್ಲಿ ಆರ್‌ಪಿಎಂ ಮೇಲೆ ಕೆಳಗೆ ಆಡ್ತಿದೆ." ಕಾರು ತರಿಸಿ ಸ್ಕ್ಯಾನರ್ ಹಾಕಿದೆ. ಐಡಲ್‌ನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಶೇ. +14 ತೋರಿಸುತ್ತಿತ್ತು, ಅಂದರೆ ಇಸಿಯು ಅಷ್ಟು ಪೆಟ್ರೋಲ್ ಹೆಚ್ಚಿಗೆ ಹಾಕುತ್ತಿತ್ತು. 5ರ ಆಸುಪಾಸಿನಲ್ಲಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 2500ಕ್ಕೆ ಏರಿಸಿದರೆ ಟ್ರಿಮ್ ತಾನೇ ಇಳಿಯಿತು. ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿದೆ ಅಂತಲೇ ಅದರ ಅರ್ಥ. ರಬ್ಬರ್ ಪೈಪಿನ ಕೆಳಗೆ ಕೈ ಹಾಕಿ ತಡಕಿದೆ. ಇಂಜಿನ್ನಿನೊಳಗಿನ ಆವಿಯನ್ನು ಇಲ್ಲಿಗೆ ತರುವ ಬ್ರೀದರ್ ಹೋಸ್ ತನ್ನ ನಿಪ್ಪಲ್‌ನಿಂದ ಅರ್ಧ ಜಾರಿತ್ತು. ಅಳತೆ ಹಿಡಿಯುವಾಗ ಅದನ್ನು ಬಿಚ್ಚಿದವನು ನಾನು, ಕ್ಲಿಪ್ ಹಾಕಲು ಮರೆತವನೂ ನಾನೇ. ಕ್ಲಿಪ್ ಒತ್ತಿದೆ. ಆರ್‌ಪಿಎಂ ಮುಳ್ಳು 750ರಲ್ಲಿ ನಿಂತಿತು.