ಕಂಟೇನರ್‌ಗೆಲ್ಲ ಒಂದೇ ಕಾನ್ಫಿಗ್ ಫೈಲ್ ಯಾಕಿಲ್ಲ?

ಪ್ರಶ್ನೆ: ಸರ್, ನಮ್ಮದು ಸುರತ್ಕಲ್‌ನಲ್ಲಿ ಸಣ್ಣ ಆಫೀಸು. ಕಂಟೇನರ್ ಓಡಿಸ್ಲಿಕ್ಕೆ ಸರ್ವರಲ್ಲಿ ಪ್ರಾಕ್ಸ್‌ಮಾಕ್ಸ್ ಮೇಲೆ ಎಲ್‌ಎಕ್ಸ್‌ಸಿ ಉಂಟು, ಹುಡುಗರ ಲ್ಯಾಪ್‌ಟಾಪಲ್ಲಿ ಡಾಕರ್, ಕಸ್ಟಮರ್ ಹತ್ರ ಕುಬರ್ನೆಟಿಸ್. ಒಂದೇ ಆ್ಯಪ್‌ಗೆ ಮೂರು ನಮೂನೆ ಕಾನ್ಫಿಗ್ ಬರೀತಾ ಕೂರ್ಬೇಕು. ಒಳಗಿರುದು ಒಂದೇ ಲಿನಕ್ಸ್ ಕರ್ನಲ್ ಅಲ್ವಾ, ಎಲ್ಲದಕ್ಕೂ ಆಗುವ ಕಾಮನ್ ಫಾರ್ಮ್ಯಾಟ್ ಒಂದು ನಾವೇ ಮಾಡಿದ್ರೆ ಹೇಗೆ?

ಈ ಪ್ರಶ್ನೆ ಮಂಗಳೂರು, ಮಣಿಪಾಲ ಕಡೆಯ ಐಟಿ ಹುಡುಗ್ರು ತುಂಬ ಕೇಳ್ತಾರೆ. ಕಂಟೇನರ್ ಅಂದ್ರೆ ಒಂದೇ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಮೇಲೆ ಆ್ಯಪನ್ನು ಬೇರೆಯಾಗಿ ಕೂರಿಸಿ ಓಡಿಸುವ ಡಬ್ಬಿ. ಅದಕ್ಕೆ ಕಾಮನ್ ಫಾರ್ಮ್ಯಾಟ್ ಆಗ್ಲೇ ಉಂಟು ಮಾರಾಯ್ರೆ, ನೀವು ದಿನಾ ಬಳಸ್ತಾನೂ ಇದ್ದೀರಿ, ಕಣ್ಣಿಗೆ ಬೀಳುದಿಲ್ಲ ಅಷ್ಟೆ.

2013ರಲ್ಲಿ ಡಾಕರ್ ಬಂದಾಗ ಅದು ಎಲ್‌ಎಕ್ಸ್‌ಸಿಯನ್ನೇ ನಂಬಿಕೊಂಡು ಓಡ್ತಿತ್ತು, ಮರುವರ್ಷ ಲಿಬ್‌ಕಂಟೇನರ್ ಅಂತ ತನ್ನದೇ ಲೈಬ್ರರಿ ಮಾಡ್ಕೊಳ್ತು, 2014ರ ಕೊನೆಗೆ ಕೋರ್‌ಓಎಸ್‌ನವರು ರಾಕೆಟ್ ಅನ್ನುವ ತಮ್ಮ ಕಂಟೇನರ್ ಟೂಲ್ ಜೊತೆಗೆ ಬೇರೆಯೇ ಸ್ಪೆಕ್, ಅಂದ್ರೆ ಬರೆದಿಟ್ಟ ನಿಯಮ, ಇಟ್ರು. ಹೀಗೇ ಹೋದ್ರೆ ಕಷ್ಟ ಅಂತ 2015ರ ಜೂನಲ್ಲಿ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಓಪನ್ ಕಂಟೇನರ್ ಇನಿಶಿಯೇಟಿವ್, ಅಂದ್ರೆ ಓಸಿಐ, ಶುರುವಾಯ್ತು. 2017ರ ಜುಲೈಯಲ್ಲಿ ಅದರ ರನ್‌ಟೈಮ್ ಸ್ಪೆಕ್ 1.0 ಬಂತು. ಅದರಲ್ಲಿ ಹೇಳಿದ ಫೈಲ್ ಹೆಸರು ಕಾನ್ಫಿಗ್ ಡಾಟ್ ಜೇಸನ್. ಡಾಕರ್, ಪಾಡ್‌ಮ್ಯಾನ್, ಕುಬರ್ನೆಟಿಸ್ ಯಾವುದೇ ಇರ್ಲಿ, ಪ್ರತಿ ಕಂಟೇನರ್ ಎಬ್ಬಿಸುವಾಗ ಕೆಳಗೆ ಈ ಫೈಲ್ ತಯಾರಾಗ್ತದೆ, ರನ್‌ಸಿಯೋ ಸಿ‌ರನ್ನೋ ಅನ್ನುವ ರನ್‌ಟೈಮ್ (ಕಂಟೇನರ್ ಓಡಿಸುವ ಸಣ್ಣ ಟೂಲ್) ಅದನ್ನು ಓದಿ ಕೆಲಸ ಮಾಡ್ತದೆ. ಎಲ್‌ಎಕ್ಸ್‌ಸಿ ಮಾತ್ರ ತನ್ನ ಹಳೇ ದಾರಿಯಲ್ಲೇ ಉಳೀತು.

ರನ್‌ಸಿ ಸ್ಪೆಕ್ ಅಂತ ಟರ್ಮಿನಲ್ಲಲ್ಲಿ ಹೊಡೀರಿ, ಒಂದು ಸ್ಯಾಂಪಲ್ ಫೈಲ್ ಬಂದು ಬೀಳ್ತದೆ. ತೆಗೆದು ನಿಧಾನಕ್ಕೆ ಓದಿ. ಯಾವ ಪ್ರೋಸೆಸ್, ಯಾವ ಯೂಸರ್ ಐಡಿ, ಯಾವ ಕೇಪಬಿಲಿಟಿಗಳು (ವಿಶೇಷ ಅಧಿಕಾರಗಳು), ಪ್ರೋಕ್ ಅನ್ನುವ ಸಿಸ್ಟಮ್ ಫೋಲ್ಡರ್ ಎಲ್ಲಿ ಮೌಂಟ್ ಆಗ್ಬೇಕು, ಯಾವ್ಯಾವ ನೇಮ್‌ಸ್ಪೇಸ್ (ಹೊರಗಿನಿಂದ ಬೇರ್ಪಡಿಸುವ ಗೋಡೆ) ಬೇಕು, ಎಲ್ಲ ಬಿಡಿಬಿಡಿಯಾಗಿ ಉಂಟು. ಇಮೇಜ್ (ಆ್ಯಪ್‌ನ ಕಟ್ಟಿಟ್ಟ ಪ್ಯಾಕ್) ಹೆಸರು ಮಾತ್ರ ಹುಡುಕಿದ್ರೂ ಸಿಗುದಿಲ್ಲ, ಬಿಚ್ಚಿಟ್ಟ ರೂಟ್ ಫೋಲ್ಡರಿನ ದಾರಿ ಅಷ್ಟೇ ಇರ್ತದೆ. 8080 ಪೋರ್ಟನ್ನು 80ಕ್ಕೆ ಜೋಡಿಸು ಅಂತ ಬರೀಲಿಕ್ಕೂ ಜಾಗ ಇಲ್ಲ, ಯಾಕಂದ್ರೆ ನೆಟ್‌ವರ್ಕ್ ಕಟ್ಟುವ ಕೆಲಸ ಬೇರೆಯವರದ್ದು. ಇಷ್ಟೆಲ್ಲ ಹೊರಗೆ ಬಿಟ್ಟದ್ದಕ್ಕೇ ಈ ಫಾರ್ಮ್ಯಾಟ್ ಉಳೀತು ಅಂತ ನನ್ನ ಖಂಡಿತ ಅಭಿಪ್ರಾಯ. ಕರ್ನಲ್‌ಗೆ ಅರ್ಥ ಆಗುವಷ್ಟನ್ನೇ ಅದು ಹೇಳ್ತದೆ, ಕರ್ನಲ್ ಎಲ್ಲರಿಗೂ ಒಂದೇ, ಹಾಗಾಗಿ ಜಗಳ ಕಡಿಮೆ.

ನೀವು ಕೈಯಲ್ಲಿ ಬರಿಯುವುದು ಅದರ ಮೇಲಿನ ಮಟ್ಟದ್ದು. ಉಡುಪಿ ಕಡೆ ಮದುವೆಗೆ ಅಡಿಗೆ ಭಟ್ರ ಹತ್ರ ನಾವು ಮುನ್ನೂರು ಜನ, ಎರಡು ಪಾಯಸ ಅಂತ ಹೇಳ್ತೇವೆ, ತೆಂಗಿನಕಾಯಿ ಎಷ್ಟು, ಬೆಲ್ಲ ಎಷ್ಟು ಕೇಜಿ ಅನ್ನುವ ಸಾಮಾನು ಪಟ್ಟಿ ಭಟ್ರೇ ಮಾಡ್ತಾರೆ. ಕಾನ್ಫಿಗ್ ಡಾಟ್ ಜೇಸನ್ ಅಂದ್ರೆ ಆ ಸಾಮಾನು ಪಟ್ಟಿ. ನಿಮಗೆ ಬೇಕಾದ್ದು ಮುನ್ನೂರು ಜನ ಅಂತ ಹೇಳುವ ಫಾರ್ಮ್ಯಾಟು, ಮತ್ತೆ ಗೊಂದಲ ಇರುದೆಲ್ಲ ಅಲ್ಲೇ.

512 ಎಂಬಿ ಮೆಮೊರಿ ಲಿಮಿಟ್ ಹಾಕ್ಬೇಕು ಅಂತ ಇಟ್ಕೊಳ್ಳಿ. ಡಾಕರಲ್ಲಿ 512ರ ಪಕ್ಕ ಸಣ್ಣ ಎಂ. ಪ್ರಾಕ್ಸ್‌ಮಾಕ್ಸ್ ಫೈಲಲ್ಲಿ ಬರೀ 512, ಎಂಬಿ ಅಂತ ಅದೇ ತಿಳ್ಕೊಳ್ತದೆ. ಕುಬರ್ನೆಟಿಸಲ್ಲಿ ದೊಡ್ಡ ಎಂ, ಸಣ್ಣ ಐ. ಕಾನ್ಫಿಗ್ ಡಾಟ್ ಜೇಸನಲ್ಲಿ ನೇರ ಬೈಟ್ ಲೆಕ್ಕ, 536870912. ಈಗ ಡಾಕರ್ ಅಭ್ಯಾಸದಲ್ಲಿ ಕುಬರ್ನೆಟಿಸಲ್ಲೂ ಸಣ್ಣ ಎಂ ಹಾಕಿದ್ರಿ ಅಂದ್ರೆ ಅಲ್ಲಿ ಅದು ಮಿಲಿ, ಸಾವಿರದಲ್ಲೊಂದು ಪಾಲು, ನೀವು ಕೇಳಿದ್ದು 0.512 ಬೈಟ್! ಸಿಂಟ್ಯಾಕ್ಸ್ ಸರಿಯೇ ಉಂಟು, ಕಂಟೇನರ್ ಮಾತ್ರ ಏಳುದಿಲ್ಲ. ಬರೀಲಿಕ್ಕೆ ಯಾಮಲ್ ಶೈಲಿ ಬೇಕಾ ಜೇಸನ್ ಬೇಕಾ ಅಂತ ಜನ ಗಂಟೆಗಟ್ಟಲೆ ಚರ್ಚೆ ಮಾಡ್ತಾರೆ, ಯೂನಿಟ್ ಬಗ್ಗೆ ಒಬ್ರೂ ಮಾತಾಡುದಿಲ್ಲ, ಇದು ನನಗೆ ನಿಜವಾಗಿಯೂ ಬೇಜಾರು. ಫಾರ್ಮ್ಯಾಟ್ ಮಾಡುದಾದ್ರೆ ಯೂನಿಟ್ ಇಲ್ಲದ ನಂಬರನ್ನು ತಗೊಳ್ಳಲೇ ಬೇಡಿ.

ಸಿಪಿಯು ಇನ್ನೂ ಕಷ್ಟ. ಓಸಿಐ ಫೈಲಲ್ಲಿ ಯಾರಿಗೆ ಎಷ್ಟು ಸಿಪಿಯು ಪಾಲು ಅಂತ ಹೇಳುವ ಶೇರ್ಸ್ ಅಂತ ಒಂದು ಕೀ (ಸೆಟ್ಟಿಂಗ್ ಹೆಸರು) ಉಂಟು, ಅದು ಸಿಪಿಯು, ಮೆಮೊರಿಗೆ ಮಿತಿ ಹಾಕುವ ಕರ್ನಲ್ ಭಾಗವಾದ ಸಿಗ್ರೂಪಿನ ಹಳೇ ವಿ1ನಿಂದ ಹಾಗೇ ಎತ್ತಿದ್ದು, 2ರಿಂದ 262144ರವರೆಗೆ, ಮಾಮೂಲಿ 1024. ವಿ2 ಬಂದಾಗ ಕರ್ನಲ್‌ನವರು ಅದನ್ನು ತೆಗೆದು ವೇಟ್ ಅಂತ ಮಾಡಿದ್ರು, 1ರಿಂದ 10000, ಮಾಮೂಲಿ 100. ನಡುವೆ ರನ್‌ಸಿ ಒಂದು ಫಾರ್ಮುಲಾ ಹಾಕಿ ಬದಲಿಸ್ತಿತ್ತು, ತುಂಬ ವರ್ಷ ಆ ಲೆಕ್ಕದಲ್ಲಿ 1024 ಅಂತ ಬರೆದದ್ದು 39 ಆಗ್ತಿತ್ತು, ಪಕ್ಕದಲ್ಲಿ ಏನೂ ಬರೆಯದೆ ಇದ್ದವನಿಗೆ 100. ಕರ್ನಲ್‌ನ ಒಳಗಿನ ಸೆಟ್ಟಿಂಗ್ ಹೆಸರನ್ನೇ ಫಾರ್ಮ್ಯಾಟಲ್ಲಿ ಹಾಕಿದ್ರೆ ಹೀಗೇ. ಅರ್ಧ ಸಿಪಿಯು ಬೇಕು ಅಂತ ಬರೀಲಿಕ್ಕೆ ಬಿಡಿ, ಕೆಳಗೆ ಏನು ಮಾಡ್ಬೇಕೋ ಟೂಲ್ ನೋಡ್ಕೊಳ್ಳಲಿ.

ಮತ್ತೊಂದು, ಗೊತ್ತಿಲ್ಲದ ಕೀ ಸಿಕ್ಕಿದ್ರೆ ಎಂತ ಮಾಡುದು? ಓಸಿಐ ಸ್ಪೆಕ್ ಹೇಳ್ತದೆ, ಎರರ್ ಕೊಡ್ಬಾರ್ದು, ಸುಮ್ಮನೆ ದಾಟಿ ಹೋಗ್ಬೇಕು ಅಂತ. ಮಷೀನ್ ಬರೆದು ಮಷೀನ್ ಓದುವ ಫೈಲಿಗೆ ಅದು ಸರಿ, ಹೊಸ ಕೀ ಸೇರಿದಾಗ ಹಳೇ ರನ್‌ಟೈಮ್ ಮುರಿಯುದಿಲ್ಲ. ಮನುಷ್ಯ ಬರೆಯುವ ಫೈಲಿಗೆ ಅದೇ ನಿಯಮ ಹಾಕಿದ್ರೆ ಮೆಮೊರಿ ಅನ್ನುವುದರ ಸ್ಪೆಲ್ಲಿಂಗ್ ತಪ್ಪಿದ್ರೂ ಯಾರೂ ಹೇಳುದಿಲ್ಲ, ಲಿಮಿಟೇ ಇಲ್ಲದೆ ಕಂಟೇನರ್ ಓಡ್ತಾ ಇರ್ತದೆ. ಡಾಕರ್ ಕಂಪೋಸ್ (ಆ್ಯಪಿನ ಕಂಟೇನರ್‌ಗಳನ್ನು ಒಂದು ಯಾಮಲ್ ಫೈಲಲ್ಲಿ ಬರೆದು ಓಡಿಸುವ ಟೂಲ್) ಇಲ್ಲಿ ಒಳ್ಳೇ ದಾರಿ ಹಿಡಿದಿದೆ, ಗೊತ್ತಿಲ್ಲದ ಕೀಗೆ ಎರರ್, ನಿಮ್ಮದೇ ಸ್ವಂತದ್ದು ಸೇರಿಸ್ಬೇಕಾದ್ರೆ ಮುಂದೆ ಎಕ್ಸ್ ಮತ್ತು ಒಂದು ಗೀಟು ಹಾಕಿ.

ಹಾಗಾಗಿ ನಾಲ್ಕನೇ ಫಾರ್ಮ್ಯಾಟ್ ಹುಟ್ಟಿಸಲಿಕ್ಕೆ ಹೋಗ್ಬೇಡಿ. ಕಂಪೋಸ್ ಫೈಲನ್ನೇ ಮೂಲ ಮಾಡ್ಕೊಳ್ಳಿ, ಅದರ ಸ್ಪೆಕ್ ಎಲ್ಲರಿಗೂ ತೆರೆದದ್ದು. ಕುಬರ್ನೆಟಿಸ್‌ಗೆ ಬದಲಿಸಲಿಕ್ಕೆ ಕೊಂಪೋಸ್ (ಇಂಗ್ಲಿಷಲ್ಲಿ ಕೆಯಿಂದ ಶುರು) ಅಂತ ಬೇರೆ ಟೂಲ್ ಉಂಟು, ಬಂದ ಔಟ್‌ಪುಟ್ ಒಮ್ಮೆ ಕಣ್ಣಾರೆ ನೋಡ್ಲೇಬೇಕು. ಪ್ರಾಕ್ಸ್‌ಮಾಕ್ಸ್ ಕಡೆಗೆ ಮೆಮೊರಿ, ಕೋರ್, ಹೆಸರು ಇಷ್ಟನ್ನು ಬರೆದು ಕೊಡುವ ಸಣ್ಣ ಸ್ಕ್ರಿಪ್ಟ್ ಸಾಕು. ಬ್ರಿಡ್ಜು, ಐಪಿ, ಡಿಸ್ಕ್ ಎಲ್ಲಿ ಕೂರ್ಬೇಕು ಅನ್ನುದನ್ನು ಆಯಾ ಸರ್ವರಿನ ಫೈಲಲ್ಲೇ ಬಿಡಿ, ಅದು ಆ್ಯಪ್‌ಗೆ ಸೇರಿದ್ದಲ್ಲ.