ಹೊಟ್ಟೆನೋವಿಗೆ ಜಂತಿನ ಗುಳಿಗೆ ಕೊಟ್ಟೆವು, ಸಿಕ್ಕಿದ್ದು ಕಿಡ್ನಿಯ ಹರಳು

ಪ್ರಶ್ನೆ: ನಮ್ಮ ಏಳು ವರ್ಷದ ಮಗಳಿಗೆ ಆಗಾಗ ಹೊಟ್ಟೆ ನೋಯುತ್ತಿತ್ತು. ಜಂತು ಇರಬೇಕು ಅಂತ ಗುಳಿಗೆ ಕೊಟ್ಟೆವು. ಈಗ ಸ್ಕ್ಯಾನಿಂಗ್‌ನಲ್ಲಿ ಕಿಡ್ನಿಯಲ್ಲಿ ಹರಳು ಕಂಡಿದೆ. ಇಷ್ಟು ಸಣ್ಣ ಮಕ್ಕಳಿಗೂ ಆಗುತ್ತದಾ? ಬೋರ್‌ವೆಲ್ ನೀರು ಕಾರಣವಾ? ಹಾಲು ನಿಲ್ಲಿಸಬೇಕಾ?
– ಒಬ್ಬ ತಾಯಿ, ಸಿಂಧನೂರು

ಉತ್ತರ: ಆಗುತ್ತದೆ ಅಮ್ಮಾ. ನೀವು ಜಂತು ಅಂದುಕೊಂಡಿದ್ದರಲ್ಲಿ ತಪ್ಪೇನಿಲ್ಲ. ದೊಡ್ಡವರಾದರೆ ಪಕ್ಕೆ ಹಿಡಿದು ಒದ್ದಾಡುತ್ತಾರೆ. ಸಣ್ಣ ಮಕ್ಕಳು ಹೊಕ್ಕಳ ಹತ್ತಿರ ಕೈಯಿಟ್ಟು 'ಇಲ್ಲಿ' ಅಂತಾರೆ, ಅಷ್ಟೇ. ಕೆಲವರಿಗೆ ನೋವೇ ಇರುವುದಿಲ್ಲ. ಮೂತ್ರ ಕೆಂಪಾಗುವುದು, ಮತ್ತೆ ಮತ್ತೆ ಉರಿಮೂತ್ರ, ಇವೇ ಸುಳಿವು.

ನೀರು ಗಡಸು ಅನ್ನುವುದಕ್ಕಿಂತ, ಕುಡಿಯುವುದು ಕಡಿಮೆ ಅನ್ನುವುದೇ ದೊಡ್ಡ ಕಾರಣ. ನಮ್ಮ ರಾಯಚೂರು ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ ಅಲ್ವಾ? ಮೈಯಲ್ಲಿನ ನೀರು ಬೆವರಾಗಿ ಹೋಗುತ್ತದೆ. ಮೂತ್ರ ಗಟ್ಟಿಯಾಗಿ, ಅದರಲ್ಲಿನ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ (ಊಟದಿಂದಲೂ ಮೈಗೆ ಸೇರುವ ಒಂದು ಲವಣ) ಹರಳುಗಟ್ಟುತ್ತವೆ. ಶಾಲೆಯ ಶೌಚಾಲಯ ಗಲೀಜು ಅಂತ ಎಷ್ಟೋ ಹೆಣ್ಣುಮಕ್ಕಳು ಸಂಜೆವರೆಗೂ ಬಾಟಲಿ ಮುಟ್ಟುವುದಿಲ್ಲ. ಮಗಳನ್ನು ಮೆಲ್ಲಗೆ ಕೇಳಿ ನೋಡಿ. ಹೌದು ಅಂದರೆ ಟೀಚರ್ ಹತ್ತಿರ ಹೋಗಿ ಮಾತಾಡಲೇಬೇಕು; ಇದು ಮಗು ಒಬ್ಬಳೇ ಸರಿಮಾಡುವ ವಿಷಯವಲ್ಲ. 20 ಕೆಜಿ ತೂಕದ ಮಗುವಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರಿನಂಶ ಬೇಕು. ಬಿಸಿಲಿಗೆ ಇನ್ನೂ ಜಾಸ್ತಿ. ಮೂತ್ರ ತಿಳಿಯಾಗಿದ್ದರೆ ಸಾಕಷ್ಟು ಕುಡಿಯುತ್ತಿದ್ದಾಳೆ ಅಂತ ಅರ್ಥ.

ಹಾಲು ನಿಲ್ಲಿಸಬೇಡಿ. ಊಟದಲ್ಲಿನ ಆಕ್ಸಲೇಟನ್ನು ಹಾಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಹಿಡಿದಿಡುತ್ತದೆ, ಮೂತ್ರಕ್ಕೆ ಸೇರುವುದು ಕಡಿಮೆಯಾಗುತ್ತದೆ. ಕಡಿಮೆ ಮಾಡಬೇಕಾದ್ದು ಉಪ್ಪು: ಪ್ಯಾಕೆಟ್ ಚಿಪ್ಸ್, ಉಪ್ಪಿನಕಾಯಿ, ದಿನಾ ಸಂಜೆಯ ಒಗ್ಗರಣಿ ಮಿರ್ಚಿ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿಯಾಗುತ್ತದೆ.

ಆದರೆ ಮಕ್ಕಳಲ್ಲಿ ಹರಳು ಕಂಡರೆ ನೀರು ಕುಡಿಸಿ ಸುಮ್ನೆ ಕೂರುವಂತಿಲ್ಲ. ಹುಟ್ಟಿನಿಂದ ಬಂದ ತೊಂದರೆಯೂ ಇರಬಹುದು. ಸಿಸ್ಟಿನ್ ಅನ್ನುವ ಪ್ರೋಟೀನ್ ಅಂಶದಿಂದಾಗುವ ಹರಳು ವಂಶದಲ್ಲಿ ಬರುತ್ತದೆ. ಆಕ್ಸಲೇಟ್ ಮಿತಿಮೀರುವ ಅಪರೂಪದ ಕಾಯಿಲೆಯೊಂದು ಕಿಡ್ನಿಯನ್ನೇ ಕೆಡಿಸಬಲ್ಲದು. ಕಾರಣ ಹೊರಗಿನದೂ ಆಗಬಹುದು: 2008ರಲ್ಲಿ ಚೀನಾದಲ್ಲಿ ಹಾಲಿನ ಪುಡಿಗೆ ಮೆಲಮೈನ್ ಅನ್ನುವ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಬೆರೆಸಿದ್ದರಿಂದ ಸುಮಾರು 3 ಲಕ್ಷ ಕೂಸುಗಳು ಕಿಡ್ನಿ ಹರಳಿನಂಥ ತೊಂದರೆಯಿಂದ ಕಾಯಿಲೆ ಬಿದ್ದವು, 6 ಕೂಸುಗಳು ತೀರಿಹೋದವು. ಆದ್ದರಿಂದ ರಕ್ತ ಪರೀಕ್ಷೆ, 24 ಗಂಟೆಯ ಮೂತ್ರದ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ನೀವೇ ಕೇಳಿ.

ಹರಳಿರುವಾಗ ಚಳಿ ಜ್ವರ ಬಂದರೆ, ಅಥವಾ ಮೂತ್ರ ನಿಂತರೆ, ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಮೂತ್ರ ಕಟ್ಟಿ ಸೋಂಕಾದರೆ ಕಿಡ್ನಿ ಬೇಗ ಹಾಳಾಗುತ್ತದೆ. ಸಣ್ಣ ಹರಳು ಎಷ್ಟೋ ಸಲ ತಾನಾಗೇ ಹೊರಬರುತ್ತದೆ. ಅಲ್ಲಿಯವರೆಗೆ ಮೂತ್ರವನ್ನು ತೆಳು ಬಟ್ಟೆಯಲ್ಲಿ ಸೋಸಿ. ಹರಳು ಸಿಕ್ಕರೆ ಎಸೆಯದೆ ಡಬ್ಬಿಯಲ್ಲಿಟ್ಟು ಡಾಕ್ಟರಿಗೆ ಕೊಡಿ. ಯಾವ ಜಾತಿಯ ಹರಳು ಅಂತ ಅದರಿಂದಲೇ ಗೊತ್ತಾಗುತ್ತದೆ.