ಮೋರಿಯ ಗುಟ್ಟು ಹೇಳುವ ಕಾಫಿ

ಬೆಂಗಳೂರಿನ ದೊಡ್ಡ ಬಸವನ ಪಾದದಡಿ ಹುಟ್ಟಿದಳೆಂದು ಜನ ಹೇಳುವ ವೃಷಭಾವತಿ ನದಿಗೂ ಗಾಂಧಿ ಬಜಾರಿನ ಕಾಫಿಗೂ ನೆಂಟಸ್ತಿಕೆ ಇದೆ. ಹೋಟೆಲಿನ ಲೋಟ ತೊಳೆದ ನೀರು, ಸಿಂಕಿಗೆ ಸುರಿದ ತಳದ ಕಾಫಿ, ಕುಡಿದವರ ಮೂತ್ರ ಎಲ್ಲವೂ ಮೋರಿ ಸೇರುತ್ತವೆ. ಕುಡಿದ ಕೆಫೀನಿನಲ್ಲಿ ಹಾಗೇ ಹೊರಬರುವುದು ಶೇ 3ಕ್ಕಿಂತ ಕಡಿಮೆ. ನೀರಿಗೆ ಕೊಳಚೆ ಸೇರಿದೆಯೆಂಬ ಗುಟ್ಟು ಬಯಲಾಗಲು ಅಷ್ಟೇ ಸಾಕು. ಲೋಟಕ್ಕೆ 80 ಮಿಲಿಗ್ರಾಂ ಕೆಫೀನ್ ಎಂದಿಟ್ಟುಕೊಳ್ಳಿ. ಆ ಒಂದು ಲೋಟವನ್ನು ಕುಡಿಯದೆ ಹಾಗೇ 10 ಸಾವಿರ ಲೀಟರಿನ 8 ಟ್ಯಾಂಕರ್ ನೀರಿಗೆ ಬೆರೆಸಿದರೂ ಲೀಟರಿಗೆ 1,000 ನ್ಯಾನೋಗ್ರಾಂ (ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು) ಉಳಿಯುತ್ತದೆ. ಇಂದಿನ ಯಂತ್ರಗಳು ಅದಕ್ಕಿಂತ ಎಷ್ಟೋ ಕಡಿಮೆಯನ್ನೂ ಹಿಡಿಯುತ್ತವೆ.

ನೀರನ್ನು ಸೋಸಿ, ಹೀರುವ ಪುಡಿ ತುಂಬಿದ ಪುಟ್ಟ ಕೊಳವೆಯಲ್ಲಿ ಇಳಿಸಿ, ಅಂಟಿದ್ದನ್ನು ಮೆಥನಾಲಿನಿಂದ ಬಿಡಿಸಿ ಅಣುಗಳ ತೂಕ ನೋಡಿ ವಸ್ತುವನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡುತ್ತಾರೆ. ಫಿಲ್ಟರ್ ಇಳಿಸುವ ಮನೆಯವರಿಗೆ ಇದೇನು ಹೊಸ ವಿದ್ಯೆಯಲ್ಲ! ಮಾದರಿ ತುಂಬುವವರು ಮಾತ್ರ ಆ ಹೊತ್ತಿಗೆ ಕಾಫಿ ಮುಟ್ಟಬಾರದು.

ಜರ್ಮನಿಯ ರಸಾಯನವಿಜ್ಞಾನಿ ರುಂಗೆ 1819ರಲ್ಲೇ ಕೆಫೀನನ್ನು ಬೇರ್ಪಡಿಸಿದ್ದರೂ, ಅದನ್ನು ಹೊಳೆಗಳಲ್ಲಿ ದೊಡ್ಡ ಮಟ್ಟದಲ್ಲಿ ಹುಡುಕಿದ್ದು ಬಹಳ ತಡವಾಗಿ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ 1999-2000ರಲ್ಲಿ 139 ಹೊಳೆಗಳ ನೀರು ತೆಗೆದು 2002ರಲ್ಲಿ ವರದಿ ಮಾಡಿದಾಗ, ಅರ್ಧಕ್ಕಿಂತ ಹೆಚ್ಚು ಕಡೆ ಕೆಫೀನ್ ಇತ್ತು. ಮರುವರ್ಷ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದನ್ನು ಕೊಳಚೆಯ ಗುರುತಾಗಿ ಬಳಸಿದರು. ಶುದ್ಧೀಕರಣ ಘಟಕ ಸರಿಯಾಗಿ ನಡೆದರೆ ಕೆಫೀನ್ ಬಹುಪಾಲು ಅಲ್ಲೇ ನಾಶವಾಗುತ್ತದೆ. ಹೊಳೆಯಲ್ಲಿ ಅದು ಹೆಚ್ಚು ಸಿಕ್ಕಿತೆಂದರೆ ಕೊಳಚೆಯು ಘಟಕವನ್ನು ತಪ್ಪಿಸಿಕೊಂಡು ಬಂದಿದೆ ಎಂದೇ ಲೆಕ್ಕ. ಕರುಳಿನ ಬ್ಯಾಕ್ಟೀರಿಯಾ ಹುಡುಕುವ ರೂಢಿಯ ಕೋಲಿಫಾರ್ಮ್ ಪರೀಕ್ಷೆ ದನದ ಸಗಣಿಗೂ ಮನುಷ್ಯರ ಮಲಕ್ಕೂ ಭೇದ ಮಾಡದು. ದನಗಳು ಕಾಫಿ ಕುಡಿಯುವುದಿಲ್ಲವಲ್ಲ. ಕೆರೆಯಂಗಳದಲ್ಲಿ ಹಸು ಮೇಯುವ ನಮ್ಮ ಊರಿಗೆ ಇದು ಸಣ್ಣ ಉಪಯೋಗವಲ್ಲ. ನನಗಂತೂ ಕೆಫೀನ್ ವಿಷ ಎನ್ನುವುದಕ್ಕಿಂತ ಚಾಡಿಕೋರ ಎನ್ನಿಸುತ್ತದೆ.

2022ರಲ್ಲಿ 104 ದೇಶಗಳ 258 ನದಿಗಳಲ್ಲಿ ಔಷಧದ ಅಂಶ ಹುಡುಕಿದ ಅಧ್ಯಯನ ಬಂತು. ಅದರಲ್ಲಿ ಅತಿ ಹೆಚ್ಚು ಕಡೆ ಸಿಕ್ಕ ಮೂರು ವಸ್ತುಗಳಲ್ಲಿ ಕೆಫೀನೂ ಒಂದು. ಅದಕ್ಕೂ ಮೊದಲು, 2021ರಲ್ಲಿ, ಮದ್ರಾಸ್ ಐಐಟಿಯವರು ಕಾವೇರಿಯಲ್ಲಿ ಔಷಧಗಳ ಜೊತೆ ಇದನ್ನೂ ಕಂಡಿದ್ದರು.

ಕಾವೇರಿಯ ಮಟ್ಟಿಗೆ ಮಾತ್ರ ಈ ಚಾಡಿಯನ್ನು ಪೂರಾ ನಂಬುವ ಹಾಗಿಲ್ಲ. ಕೆಫೀನ್ ಕೊಳಚೆಯ ಗುರುತಾಗಿ ರೂಪುಗೊಂಡದ್ದು ಕಾಫಿ ಬೆಳೆಯದ ನಾಡಿನಲ್ಲಿ. ಕಾವೇರಿ ಹುಟ್ಟುವುದೋ ಕೊಡಗಿನ ಕಾಫಿ ಸೀಮೆಯಲ್ಲಿ. ಕಾಫಿ ಹಣ್ಣನ್ನು ಪಲ್ಪಿಂಗ್ ಮಾಡಿದ, ಅಂದರೆ ಸಿಪ್ಪೆ ಬಿಡಿಸಿದ, ನೀರು ಹಳ್ಳಕ್ಕೆ ಹರಿದರೆ ಅದರಲ್ಲೂ ಕೆಫೀನ್ ಇರುತ್ತದೆ. ಹಾಗಾಗಿ ಅಲ್ಲಿ ಪಲ್ಪಿಂಗ್ ಕಾಲದಲ್ಲೊಮ್ಮೆ, ಅದು ಮುಗಿದ ಮೇಲೊಮ್ಮೆ ಅಳೆಯಬೇಕು. ಜೊತೆಗೆ ಮೂರ್ಛೆರೋಗದ ಮಾತ್ರೆ ಕಾರ್ಬಮಜಪೈನನ್ನೂ ಹುಡುಕಬೇಕು. ಅದು ತೋಟದಿಂದ ಬರುವಂಥದ್ದಲ್ಲ.